ಕನಸು ಬೀಳದ ನಿದ್ದೆ

ಸತ್ತವರು ಕನಸಿನಲ್ಲಿ ಬಂದು ಮಾತಾಡಿದರು ಎಂದು ಯಾರಾದರೂ ಹೇಳಿದರೆ, ಮೊದಲೆಲ್ಲ ನಾನು ಅವರೆದುರು ತಲೆಯಾಡಿಸಿ, ಅವರು ಅತ್ತ ಹೋದಮೇಲೆ ನಗುತ್ತಿದ್ದೆ. ದೆವ್ವ, ಶಕುನ, ಮೈಮೇಲೆ ಬರುವುದು, ಇವು ಯಾವುದರಲ್ಲೂ ನನಗೆ ನಂಬಿಕೆ ಇರಲಿಲ್ಲ. ನನ್ನ ಕೆಲಸವೂ ಹಾಗೆಯೇ ಇತ್ತು. ತುಮಕೂರಿನ ಹತ್ತಿರದ ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ, ಮೆಷಿನ್ನಿನಿಂದ ಬಂದ ಬಿಡಿಭಾಗಗಳನ್ನು ಅಳೆದು ನೋಡುವ ವಿಭಾಗದಲ್ಲಿದ್ದೆ. ಅಳತೆ ಸರಿಯಿದ್ದರೆ ಪಾಸು, ಇಲ್ಲದಿದ್ದರೆ ಪಕ್ಕಕ್ಕೆ. ಅಳೆಯಲಾಗದ ಸಂಗತಿ ಇಲ್ಲವೆಂದೇ ನನ್ನ ಲೆಕ್ಕ.

ಈಗಲೂ ಪೂರ್ತಿ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಮೊದಲಿನ ಹಾಗೆ ನಗಲೂ ಆಗುವುದಿಲ್ಲ. ಇದನ್ನು ಇಷ್ಟು ವರ್ಷ ಬರೆಯದೆ ಇದ್ದುದಕ್ಕೆ ಇನ್ನೊಂದು ಕಾರಣವಿದೆ. ನಡೆದದ್ದನ್ನು ಹೇಳಬೇಕಾದರೆ ನಾನು ಗಾಂಜಾ ಸೇದುತ್ತಿದ್ದೆ ಎಂಬುದನ್ನೂ ಹೇಳಬೇಕು. ಅದನ್ನು ಮುಚ್ಚಿಟ್ಟು ಉಳಿದದ್ದನ್ನು ಮಾತ್ರ ಹೇಳುವುದು ಸುಳ್ಳು ಹೇಳಿದ ಹಾಗೆಯೇ.

ನಾನು ಗುಬ್ಬಿ ತಾಲ್ಲೂಕಿನವನು. ಆರು ವರ್ಷದವನಿದ್ದಾಗ ಅಮ್ಮ ತೀರಿಕೊಂಡಳು. ನನ್ನನ್ನು ಬೆಳೆಸಿದವಳು ಅಕ್ಕ. ಅವಳಿಗೂ ಆಗ ಹದಿನೈದು ವರ್ಷ ಅಷ್ಟೆ. ಶಾಲೆ ಬಿಟ್ಟಳು, ಹೊಲಿಗೆ ಕಲಿತಳು, ನನ್ನನ್ನು ಐಟಿಐ ಓದಿಸಿದಳು. ಅವಳ ಮದುವೆ ಆದದ್ದೂ ತಡವಾಗಿ. ಭಾವ ಕುಣಿಗಲ್‌ನವರು, ಅಲ್ಲಿನ ಸೊಸೈಟಿಯಲ್ಲಿ ಗುಮಾಸ್ತರು, ಮಾತು ಕಡಿಮೆ. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಅಕ್ಕ ಒಂದು ಸಣ್ಣ ಅಂಗಡಿ ಬಾಡಿಗೆಗೆ ಹಿಡಿದು ಬ್ಲೌಸ್ ಹೊಲಿಯುತ್ತಿದ್ದಳು. ಚೈತ್ರ ಎಂಬ ಒಬ್ಬಳೇ ಮಗಳು. ಅಕ್ಕ ನನ್ನನ್ನು ಹೆಸರು ಹಿಡಿದು ಕರೆದದ್ದು ನನಗೆ ನೆನಪಿಲ್ಲ. ತಮ್ಮಯ್ಯ ಎಂದೇ ಕರೆಯುತ್ತಿದ್ದಳು.

ಕೆಲಸ ಸಿಕ್ಕಿದ ಮೇಲೆ ತುಮಕೂರಿನಲ್ಲಿ, ಶಿರಾ ಗೇಟ್ ಕಡೆ, ಮಹಡಿ ಮೇಲಿನ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದೆ. ಕೆಳಗಿನ ಮನೆಯಲ್ಲಿ ಮಾಲೀಕರಾದ ರತ್ನಮ್ಮ ಒಬ್ಬರೇ ಇದ್ದರು. ಕಂಪನಿ ಬಸ್ಸು ಹತ್ತಿರದಲ್ಲೇ ನಿಲ್ಲುತ್ತಿದ್ದುದರಿಂದ ಜಾಗ ಅನುಕೂಲವಾಗಿತ್ತು. ಅನುಕೂಲವಿಲ್ಲದ್ದು ನಿದ್ದೆಯೊಂದೇ. ಒಂದು ವಾರ ಬೆಳಗಿನ ಶಿಫ್ಟು, ಒಂದು ವಾರ ಮಧ್ಯಾಹ್ನದ್ದು, ಒಂದು ವಾರ ರಾತ್ರಿಯದ್ದು. ಒಂದಕ್ಕೆ ಮೈ ಒಗ್ಗುವಷ್ಟರಲ್ಲಿ ಇನ್ನೊಂದು ಶುರುವಾಗುತ್ತಿತ್ತು. ರಾತ್ರಿ ಪಾಳಿಯ ವಾರ ಬೆಳಗ್ಗೆ ಏಳಕ್ಕೆ ಕೋಣೆಗೆ ಬಂದು ಮಲಗಿದರೆ, ಬಿಸಿಲು, ಗಾಡಿಗಳ ಸದ್ದು, ಪಕ್ಕದ ಮನೆಯ ಮಿಕ್ಸಿ. ಹನ್ನೊಂದಕ್ಕೆ ಎದ್ದು ಕೂತುಬಿಡುತ್ತಿದ್ದೆ. ಕಣ್ಣು ಉರಿಯುತ್ತಿತ್ತು. ಒಂದು ದಿನ ಅಳತೆಯ ಗೇಜು ಓದುವಾಗ ಅಂಕಿ ಎರಡೆರಡಾಗಿ ಕಾಣಿಸಿತು.

ಜೊತೆಯಲ್ಲಿ ಕೆಲಸ ಮಾಡುತ್ತಿದ್ದವನೊಬ್ಬ ಇದನ್ನು ನೋಡಿ, ಒಂದು ಬೆಳಗ್ಗೆ ಸಿಗರೇಟಿನ ಪುಡಿ ಉದುರಿಸಿ ಅದರಲ್ಲಿ ಬೇರೆಯದನ್ನು ತುಂಬಿ ಕೊಟ್ಟ. ಮಾತ್ರೆಗಿಂತ ಇದು ವಾಸಿ, ಇದು ಬರೀ ಸೊಪ್ಪು ಎಂದ. ಎರಡು ದಂ ಎಳೆದು ಮಲಗಿದೆ. ಎದ್ದಾಗ ಸಂಜೆ ಐದು. ಅಷ್ಟು ನಿದ್ದೆ ಮಾಡಿ ಎಷ್ಟೋ ತಿಂಗಳಾಗಿತ್ತು. ಔಷಧಿ ಸಿಕ್ಕಿತು ಅಂದುಕೊಂಡೆ.

ಮೊದಲ ಕೆಲವು ತಿಂಗಳು ಅದು ಔಷಧಿಯೇ ಆಗಿತ್ತು. ಸ್ವಿಚ್ ಒತ್ತಿದ ಹಾಗೆ ನಿದ್ದೆ. ಆಮೇಲೆ ಎರಡು ದಂ ಸಾಲದೆ ಹೋಯಿತು. ಒಂದು ಪೂರ್ತಿ ಬೇಕಾಯಿತು, ಮುಂದೆ ಎರಡು. ಎಂಟು ಗಂಟೆ ಮಲಗಿ ಎದ್ದರೂ ಮೈ ಹಗುರವಾಗುತ್ತಿರಲಿಲ್ಲ. ತಲೆಯೊಳಗೆ ಒದ್ದೆ ಬಟ್ಟೆ ತುಂಬಿದ ಹಾಗೆ ಇರುತ್ತಿತ್ತು. ಒಂದು ದಿನ ತಪ್ಪಿಸಿದರೆ ಆ ದಿನ ಕಣ್ಣು ಮುಚ್ಚುತ್ತಲೇ ಇರಲಿಲ್ಲ. ಕನಸು ಬೀಳುವುದು ನಿಂತಿತ್ತು. ಆದರೆ ಅದು ನನ್ನ ಗಮನಕ್ಕೇ ಬರಲಿಲ್ಲ. ಕನಸು ಬೀಳಲಿಲ್ಲವೆಂದು ಯಾರು ಚಿಂತೆ ಮಾಡುತ್ತಾರೆ?

ಹೀಗೆ ಮೂರು ವರ್ಷ ಕಳೆಯಿತು. ಅಕ್ಕ ಆಗಾಗ ಹುರಿಹಿಟ್ಟು, ಚಟ್ನಿಪುಡಿ ಕಟ್ಟಿಕೊಂಡು ಬರುತ್ತಿದ್ದಳು. ಬರುವ ಮುಂಚೆ ಫೋನು ಮಾಡುತ್ತಿದ್ದಳು, ನಾನು ಕೋಣೆ ಗುಡಿಸಿ ಕಿಟಕಿ ತೆಗೆದಿಡುತ್ತಿದ್ದೆ. ನನ್ನ ಕಣ್ಣು ನೋಡಿ, ನಿದ್ದೆ ಮಾಡ್ತೀಯೋ ಇಲ್ವೋ ಎಂದು ಪ್ರತಿ ಸಲವೂ ಕೇಳುತ್ತಿದ್ದಳು. ಚೆನ್ನಾಗಿ ಮಾಡುತ್ತೇನೆ ಎನ್ನುತ್ತಿದ್ದೆ.

ಆಮೇಲೆ ಒಂದು ವಾರ ನನಗೆ ರಾತ್ರಿ ಪಾಳಿ ಇತ್ತು. ಅಕ್ಕನಿಗೆ ನಾಲ್ಕು ದಿನದಿಂದ ಜ್ವರ ಎಂದು ಗೊತ್ತಿತ್ತು. ಫೋನಿನಲ್ಲಿ ಮಾತಾಡಿದಾಗ ಸಣ್ಣ ಜ್ವರ ಕಣೋ ಎಂದಿದ್ದಳು. ಗುರುವಾರ ಬೆಳಗ್ಗೆ ಕೋಣೆಗೆ ಬಂದು, ಎಂದಿನ ಹಾಗೆ ಸೇದಿ, ಬಾಗಿಲು ಹಾಕಿಕೊಂಡು ಮಲಗಿದೆ. ಅರ್ಧದಲ್ಲಿ, ಮಧ್ಯಾಹ್ನದ ಹೊತ್ತಿಗೆ, ಒಮ್ಮೆ ಎಚ್ಚರವಾಯಿತು. ಇನ್ನೊಂದು ಸೇದಿ ಮತ್ತೆ ಮಲಗಿದೆ. ಆ ಎರಡನೆಯದು ಸೇದದಿದ್ದರೆ ಏನಾಗುತ್ತಿತ್ತು ಎಂದು ಎಷ್ಟು ಸಲ ಯೋಚಿಸಿದ್ದೇನೋ ನನಗೇ ಗೊತ್ತಿಲ್ಲ.

ಎದ್ದಾಗ ಕತ್ತಲಾಗುತ್ತಿತ್ತು. ಫೋನು ದಿಂಬಿನ ಪಕ್ಕದಲ್ಲೇ ಇತ್ತು. ಪರದೆಯ ತುಂಬ ಭಾವನ ಹೆಸರು. ವಾಪಸ್ ಫೋನು ಮಾಡಿದೆ. ಚೈತ್ರ ಎತ್ತಿಕೊಂಡಳು. ಅವಳು ಅಳುತ್ತಿದ್ದಳು. ಹಿಂದೆ ಯಾರೋ ಆಂಬುಲೆನ್ಸ್ ವಿಚಾರ ಮಾತಾಡುತ್ತಿದ್ದರು. ಆಸ್ಪತ್ರೆಯ ಹೆಸರು ಕೇಳಿಕೊಂಡು, ಬಾಗಿಲೂ ಹಾಕದೆ ಓಡಿದೆ.

ಆ ಮಧ್ಯಾಹ್ನ ಅಕ್ಕನಿಗೆ ಉಸಿರು ಕಷ್ಟವಾಗಿ, ಕುಣಿಗಲ್‌ನಿಂದ ತುಮಕೂರಿಗೆ ಕರೆತಂದಿದ್ದರು. ಎರಡೂವರೆ ಹೊತ್ತಿಗೆ ಸೇರಿಸಿದ್ದು. ಐದಕ್ಕೆ ಸ್ವಲ್ಪ ಮುಂಚೆ ಜೀವ ಹೋಯಿತು. ಸೇರಿಸುವಾಗ ನನ್ನನ್ನೇ ಕೇಳುತ್ತಿದ್ದಳಂತೆ. ಆ ಆಸ್ಪತ್ರೆಗೆ ನನ್ನ ಕೋಣೆಯಿಂದ ನಡೆದುಕೊಂಡು ಹೋದರೆ ಹತ್ತು ನಿಮಿಷ. ಭಾವ ಹೆಂಡತಿಯನ್ನು ಬಿಟ್ಟು ಬರಲಾಗದೆ ಫೋನು ಮಾಡುತ್ತಿದ್ದರು. ಚೈತ್ರಳಿಗೆ ನನ್ನ ಮನೆಯ ದಾರಿ ಗೊತ್ತಿರಲಿಲ್ಲ.

ರಾತ್ರಿಯೆಲ್ಲ ದುಡಿದು ಬಂದವನು, ಅವನಿಗೆ ಹೇಗೆ ಎಚ್ಚರವಾದೀತು ಎಂದು ಎಲ್ಲರೂ ನನ್ನ ಪರವಾಗಿಯೇ ಮಾತಾಡಿದರು. ಅವರ ಮಾತನ್ನು ನಾನು ತಿದ್ದಲಿಲ್ಲ. ಹನ್ನೊಂದು ದಿನ ಕುಣಿಗಲ್‌ನಲ್ಲಿದ್ದು ಕೋಣೆಗೆ ವಾಪಸ್ ಬಂದ ದಿನವೇ ಮತ್ತೆ ಸೇದಿದೆ. ಆ ವರ್ಷ ಮೊದಲಿಗಿಂತ ಹೆಚ್ಚು ಸೇದಿದೆ.

ವರ್ಷದ ಕಾರ್ಯಕ್ಕೆ ಕುಣಿಗಲ್‌ಗೆ ಹೋಗಿದ್ದೆ. ಊಟವಾದ ಮೇಲೆ ಹೆಂಗಸರು ಹಜಾರದಲ್ಲಿ ಕೂತು ಮಾತಾಡುತ್ತಿದ್ದರು. ಮಾತು ಅಕ್ಕ ಯಾರ್‍ಯಾರ ಕನಸಿಗೆ ಬಂದಿದ್ದಳು ಎನ್ನುವ ಕಡೆಗೆ ತಿರುಗಿತು. ಭಾವನಿಗೆ ಬಂದಿದ್ದಳಂತೆ, ಕನ್ನಡಕ ಎಲ್ಲಿಟ್ಟಿದ್ದೀರಿ ಎಂದು ಬೈದಿದ್ದಳಂತೆ. ಪಕ್ಕದ ಅಂಗಡಿಯ ಹೆಂಗಸಿಗೆ, ದಾರದ ಬಣ್ಣ ಸರಿಯಿಲ್ಲ ಎಂದಿದ್ದಳಂತೆ. ಚೈತ್ರಳಿಗಂತೂ ವಾರಕ್ಕೊಮ್ಮೆ. ಅವಳು ನನ್ನ ಕಡೆ ತಿರುಗಿ ಕೇಳಿದಳು.

"ನಿನ್ ಕನ್ಸಿಗೆ ಬಂದಿಲ್ವಾ ಮಾಮ?"

ಇಲ್ಲ ಎಂದೆ. ಎಲ್ಲರೂ ನನ್ನನ್ನು ನೋಡಿದರು. ಅಕ್ಕ ಬೆಳೆಸಿದ ಹುಡುಗ ನಾನು. ಒಂದು ವರ್ಷದಲ್ಲಿ ಒಂದು ಸಲವೂ ನನ್ನ ಕನಸಿಗೆ ಅವಳು ಬಂದಿರಲಿಲ್ಲ. ಆಗ ನನಗೆ ಹೊಳೆಯಿತು. ಅವಳಷ್ಟೇ ಅಲ್ಲ, ಯಾರೂ ಬಂದಿರಲಿಲ್ಲ. ನನಗೆ ಕನಸೇ ಬೀಳುತ್ತಿರಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಅಕ್ಕನ ದನಿಯನ್ನು ನೆನಪು ಮಾಡಿಕೊಳ್ಳಲು ನೋಡಿದೆ. ಅವಳು ಆಡಿದ ಮಾತು ನೆನಪಿಗೆ ಬಂತು, ದನಿ ಬರಲಿಲ್ಲ. ಆ ದಿನ ನನಗಾದ ಹೆದರಿಕೆ ಅವಳು ಸತ್ತ ದಿನವೂ ಆಗಿರಲಿಲ್ಲ.

ತುಮಕೂರಿನಲ್ಲಿ ಒಬ್ಬ ಡಾಕ್ಟರ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ನಿದ್ದೆಯಲ್ಲಿ ಕನಸು ಬೀಳುವ ಒಂದು ಹಂತವಿರುತ್ತದೆ, ದಿನಾ ಗಾಂಜಾ ಸೇದುವವರಲ್ಲಿ ಅದು ಕುಗ್ಗಬಹುದು ಎಂದರು. ಬೇಗ ನಿದ್ದೆ ಬಂದ ಹಾಗೆ ಅನಿಸಿದರೂ ಅದು ಒಳ್ಳೆಯ ನಿದ್ದೆಯಲ್ಲ ಎಂದರು. ಬಿಟ್ಟರೆ ಮೊದಲು ನಿದ್ದೆಯೇ ಬರದೆ ಇರಬಹುದು, ಆಮೇಲೆ ತಡೆದಿಟ್ಟ ಕನಸುಗಳು ಒಟ್ಟಿಗೆ ನುಗ್ಗಿದ ಹಾಗೆ ಬರಬಹುದು, ಹೆದರಿಕೊಂಡು ಮತ್ತೆ ಶುರು ಮಾಡಬೇಡಿ, ವಾರಕ್ಕೊಮ್ಮೆ ಬಂದು ಕಾಣಿ ಎಂದರು.

ಅವರು ಹೇಳಿದ ಹಾಗೆಯೇ ಆಯಿತು. ಎಂಟು ದಿನ ಸರಿಯಾಗಿ ನಿದ್ದೆ ಇಲ್ಲ. ಬೆವರಿಗೆ ಚಾಪೆ ತೊಯ್ದು ಹೋಗುತ್ತಿತ್ತು. ಅನ್ನ ಸೇರುತ್ತಿರಲಿಲ್ಲ. ಸುಮ್ಮಸುಮ್ಮನೆ ಸಿಟ್ಟು ಬರುತ್ತಿತ್ತು. ಒಂಬತ್ತನೆಯ ದಿನ ನಿದ್ದೆ ಹತ್ತಿತು, ನಿದ್ದೆಯ ಜೊತೆ ಕನಸೂ ಬಂತು. ಹಲ್ಲು ಉದುರುವ ಕನಸು. ಕಾರ್ಖಾನೆಯೊಳಗೆ ಮೊಣಕಾಲುದ್ದ ನೀರು ನಿಂತ ಕನಸು. ಮಾರ್ಕೋನಹಳ್ಳಿ ಅಣೆಕಟ್ಟೆಯ ಮೇಲೆ ಯಾರನ್ನೋ ಹುಡುಕುತ್ತಾ ಓಡುವ ಕನಸು. ಒಂದೊಂದು ಎಷ್ಟು ನಿಚ್ಚಳವೆಂದರೆ, ಎದ್ದಮೇಲೂ ಯಾವುದು ನಡೆದದ್ದು, ಯಾವುದು ಕನಸು ಎಂದು ತಿಳಿಯಲು ಹೊತ್ತು ಹಿಡಿಯುತ್ತಿತ್ತು. ಅಷ್ಟೂ ಕನಸುಗಳಲ್ಲಿ ಅಕ್ಕ ಇರಲಿಲ್ಲ.

ಬಿಟ್ಟು ಒಂದು ತಿಂಗಳಾಗುವ ಹೊತ್ತಿಗೆ ಮತ್ತೆ ರಾತ್ರಿ ಪಾಳಿ ಬಂತು. ಒಂದು ಮಧ್ಯಾಹ್ನ, ಊಟ ಮಾಡಿ ಎರಡು ಗಂಟೆಗೆ ಮಲಗಿದೆ.

ಕನಸಿನಲ್ಲಿ ನಾನು ಅದೇ ಕೋಣೆಯಲ್ಲಿ, ಅದೇ ಚಾಪೆಯ ಮೇಲೆ ಮಲಗಿದ್ದೆ. ಯಾರೋ ಬಾಗಿಲು ತಟ್ಟುತ್ತಿದ್ದರು. ಜೋರಾಗಿ ಅಲ್ಲ, ಬಿಟ್ಟು ಬಿಟ್ಟು. ಏಳಬೇಕು ಅನಿಸುತ್ತಿದೆ, ಮೈ ಏಳುತ್ತಿಲ್ಲ. ತಲೆಯನ್ನಷ್ಟೇ ಬಾಗಿಲ ಕಡೆ ಹೊರಳಿಸಿದೆ. ಬಾಗಿಲ ಕೆಳಗಿನ ಸಂದಿಯಿಂದ ಬಿಸಿಲು ಒಳಗೆ ಬಿದ್ದಿತ್ತು. ಆ ಬಿಸಿಲಿನಲ್ಲಿ ಎರಡು ಕಾಲು ಕಂಡವು, ಚಪ್ಪಲಿ ಇರಲಿಲ್ಲ. ಬಾಗಿಲ ಹೊರಗಿನ ತಾರಸಿ ಸುಡುತ್ತಿತ್ತೋ ಏನೋ, ಒಂದು ಕಾಲೆತ್ತಿ ಇನ್ನೊಂದನ್ನು ಊರುತ್ತಾ, ಅದನ್ನೆತ್ತಿ ಇದನ್ನು ಊರುತ್ತಾ ನಿಂತಿದ್ದಳು. ಎಡಗಾಲಿನ ಎರಡನೆಯ ಬೆರಳಿನ ಕಾಲುಂಗುರ, ಅಕ್ಕನದರ ಹಾಗೆಯೇ, ಸ್ವಲ್ಪ ಸೊಟ್ಟಗಾಗಿತ್ತು. ಆಮೇಲೆ ದನಿ ಕೇಳಿಸಿತು. ಬಸ್ಸಿನಲ್ಲಿ ಎಷ್ಟು ತಡಕಿದರೂ ಸಿಕ್ಕದಿದ್ದ ದನಿ.

"ತಮ್ಮಯ್ಯ, ಮಲಗಿದ್ದೀಯಾ? ಮಲ್ಕೋ ಬುಡು. ನಾನ್ ಬರ್ತೀನಿ."

ಕಾಲುಗಳು ಬಾಗಿಲಿನಿಂದ ಸರಿದವು. ನನಗೆ ಎಚ್ಚರವಾಯಿತು. ಬಾಗಿಲು ತೆಗೆದೆ. ಒಣಹಾಕಿದ ಬಟ್ಟೆ ಬಿಟ್ಟರೆ ತಾರಸಿಯ ಮೇಲೆ ಏನೂ ಇರಲಿಲ್ಲ. ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತೆ. ಅಕ್ಕ ಹೋದಾಗಿನಿಂದ ಹಾಗೆ ಅತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ತಪ್ಪು ಮಾಡಿದವನ ಮನಸ್ಸು ತನಗೆ ಬೇಕಾದ ಕನಸನ್ನು ತಾನೇ ಕಟ್ಟಿಕೊಂಡಿತು ಎಂದು ಅರ್ಥಮಾಡಿಕೊಳ್ಳಬಹುದಿತ್ತು. ಕೇಳಿದ್ದರೆ ಡಾಕ್ಟರೂ ಅದನ್ನೇ ಹೇಳುತ್ತಿದ್ದರು.

ಮುಖ ತೊಳೆದು ಕೆಳಗಿಳಿದು ಬಂದೆ. ರತ್ನಮ್ಮ ಮೆಟ್ಟಿಲ ಬಳಿ ಕೂತು ಸೊಪ್ಪು ಬಿಡಿಸುತ್ತಿದ್ದರು. ನನ್ನ ಮುಖ ನೋಡಿ ಏನಾಯಿತು ಎಂದು ಕೇಳಿದರು. ಅಕ್ಕ ಕನಸಿಗೆ ಬಂದಿದ್ದಳು ಎಂದೆ. ಅಷ್ಟೇ ಹೇಳಿದ್ದು. ಬಾಗಿಲಿನ ವಿಷಯವಾಗಲಿ, ಕಾಲಿನ ವಿಷಯವಾಗಲಿ, ಆಡಿದ ಮಾತಾಗಲಿ ಹೇಳಿರಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಆಮೇಲೆ ನನ್ನನ್ನು ನಾನೇ ಇದೊಂದನ್ನು ನೂರು ಸಲ ಕೇಳಿಕೊಂಡಿದ್ದೇನೆ.

ಅವರು ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟರು.

"ಒಂದ್ ಮಾತು ನಿನ್ಗೆ ಹೇಳ್ಲೇ ಇಲ್ಲ ಕಣಪ್ಪ. ನೀನ್ ನೊಂದ್ಕೊಳ್ತೀಯಾ ಅಂತ ಸುಮ್ನಿದ್ದೆ. ಆವತ್ತು ನಿಮ್ಮಕ್ಕ ಇಲ್ಲಿಗ್ ಬಂದಿದ್ರು."

ಯಾವತ್ತು ಎಂದೆ. ನೀನು ಸಂಜೆ ಬಾಗಿಲು ಹಾಕದೆ ಓಡಿಹೋದೆಯಲ್ಲ, ಆವತ್ತು ಎಂದರು. ಅವತ್ತು ನಲ್ಲಿಯಲ್ಲಿ ನೀರು ಬಂದಿತ್ತು, ನಾಲ್ಕು ಗಂಟೆಗೆ ಅವರು ಅಂಗಳದಲ್ಲಿ ಡ್ರಮ್ಮಿಗೆ ನೀರು ಹಿಡಿಯುತ್ತಿದ್ದರು. ಅಕ್ಕ ಗೇಟು ತೆಗೆದುಕೊಂಡು ಬಂದು, ಅವರನ್ನು ನೋಡಿ ತಲೆಯಾಡಿಸಿ, ಮೇಲೆ ಹತ್ತಿ ಹೋದಳಂತೆ. ಬಹಳ ಹೊತ್ತು ಬಾಗಿಲು ತಟ್ಟಿದಳಂತೆ. ರತ್ನಮ್ಮ ಕೆಳಗಿನಿಂದಲೇ ಕೂಗಿ, ನಾನು ಬಂದು ಎಬ್ಬಿಸಲಾ ಎಂದು ಕೇಳಿದರಂತೆ.

"ಬೇಡಮ್ಮ, ಮಲಗವ್ನೆ, ಮಲ್ಗಿರ್ಲಿ ಬುಡಿ ಅಂದ್ರು. ಬರಿಗಾಲಲ್ಲಿ ಬಂದಿದ್ರು ಕಣಪ್ಪ. ಆ ಬಿಸ್ಲಲ್ಲಿ ಯಾಕಮ್ಮ ಚಪ್ಲಿ ಇಲ್ದೆ ಬಂದ್ರಿ ಅಂತ ಕೇಳ್ಬೇಕು ಅನ್ನೋದ್ರೊಳ್ಗೆ ಹೊರಟೇಬಿಟ್ರು."

ಅಕ್ಕ ಇಲ್ಲಿಂದ ಹೋದಮೇಲೆ ರಾತ್ರಿ ಕಾಯಿಲೆ ಜೋರಾಗಿ ತೀರಿಕೊಂಡಳು ಎಂದೇ ಅವರು ತಿಳಿದಿದ್ದರು. ಕೊನೆಯ ಸಲ ಬಂದ ಅಕ್ಕನಿಗೆ ತಮ್ಮ ಬಾಗಿಲು ತೆಗೆಯಲಿಲ್ಲ ಎಂಬ ಕೊರಗು ನನಗೆ ಬೇಡವೆಂದು ಒಂದು ವರ್ಷ ಬಾಯಿ ಬಿಟ್ಟಿರಲಿಲ್ಲ. ನಾಲ್ಕು ಗಂಟೆಗೆ ಅವಳು ಆಸ್ಪತ್ರೆಯ ಮಂಚದ ಮೇಲೆ, ಮುಖಕ್ಕೆ ಆಕ್ಸಿಜನ್ ಹಾಕಿಕೊಂಡು ಮಲಗಿದ್ದಳು ಎಂದು ನಾನು ಹೇಳಿದೆ. ರತ್ನಮ್ಮ ಎದ್ದು ಒಳಗೆ ಹೋಗಿ ದೇವರ ಮುಂದೆ ದೀಪ ಹಚ್ಚಿದರು. ಆ ವಿಷಯವನ್ನು ಅವರು ನನ್ನ ಜೊತೆ ಮತ್ತೆ ಎತ್ತಲಿಲ್ಲ.

ನಾನು ಅಳೆಯುವವನು. ಇದನ್ನೂ ಅಳೆದು ನೋಡಿದೆ. ರತ್ನಮ್ಮನಿಗೆ ಒಂದು ಕಣ್ಣಿನಲ್ಲಿ ಪೊರೆ ಇತ್ತು, ಬೇರೆ ಯಾರನ್ನೋ ಅಕ್ಕ ಎಂದುಕೊಂಡಿರಬಹುದು. ಆದರೆ ಅಕ್ಕನನ್ನು ಅವರು ಎಷ್ಟೋ ಸಲ ನೋಡಿದ್ದರು, ಕೂರಿಸಿ ಕಾಫಿ ಕೊಟ್ಟಿದ್ದರು. ದಿನ ತಪ್ಪಾಗಿ ನೆನಪಿರಬಹುದು. ಆದರೆ ನಾನು ಬಾಗಿಲು ಹಾಕದೆ ಓಡಿದ್ದು ಒಂದೇ ದಿನ. ಆವತ್ತು ನಿಜವಾಗಿಯೂ ಯಾರೋ ಒಬ್ಬ ಹೆಂಗಸು ಬಂದು ತಟ್ಟಿರಬಹುದು, ಆ ಸದ್ದು ನನ್ನ ಮಂಕು ನಿದ್ದೆಯೊಳಗೆ ಎಲ್ಲೋ ಇಳಿದು ಕೂತಿದ್ದು, ವರ್ಷದ ಮೇಲೆ ಕನಸು ತೆರೆದುಕೊಂಡಾಗ ಹೊರಗೆ ಬಂದಿರಬಹುದು. ಇದು ನನಗೆ ಸಿಕ್ಕಿದ ಅತ್ಯಂತ ಒಳ್ಳೆಯ ವಿವರಣೆ. ಆದರೆ ಗೊತ್ತಿಲ್ಲದ ಹೆಂಗಸು ಮಲಗಿರಲಿ ಬಿಡಿ ಎಂದು ಯಾಕೆ ಹೇಳುತ್ತಾಳೆ?

ಮುಂದಿನ ಭಾನುವಾರ ಕುಣಿಗಲ್‌ಗೆ ಹೋದೆ. ಭಾವನನ್ನು ಕೆರೆ ಏರಿಯ ಮೇಲೆ ಕರೆದುಕೊಂಡು ಹೋಗಿ, ಆವತ್ತು ನನಗೆ ಯಾಕೆ ಎಚ್ಚರವಾಗಲಿಲ್ಲ ಎಂಬುದನ್ನು ಹೇಳಿದೆ. ದುಡಿದ ದಣಿವಲ್ಲ ಅದು, ಗಾಂಜಾ ಎಂದೆ. ಕನಸಿನ ವಿಷಯ, ರತ್ನಮ್ಮನ ವಿಷಯ ಇನ್ನೂ ಹೇಳಿರಲಿಲ್ಲ. ಹೊಡೆಯುತ್ತಾರೆ ಅಂದುಕೊಂಡಿದ್ದೆ, ಹೊಡೆದಿದ್ದರೆ ಚೆನ್ನಾಗಿತ್ತು. ಅವರು ನೀರು ನೋಡುತ್ತಾ ಎಷ್ಟು ವರ್ಷದಿಂದ ಎಂದು ಕೇಳಿದರು. ಹೇಳಿದೆ. ಈಗ ಎಂದರು. ಬಿಟ್ಟಿದ್ದೇನೆ ಎಂದೆ. ಆಮೇಲೆ, ತಪ್ಪು ಒಪ್ಪಿಕೊಳ್ಳುವವರ ಹಾಗೆ, ಅವರೇ ಮಾತು ಶುರು ಮಾಡಿದರು.

"ನಂದೂ ಒಂದಿದೆ ಕಣೋ. ನಾಲ್ಕ್ ಗಂಟೆ ಹೊತ್ಗೆ ಒಂದ್ಸಲ ಕಣ್ ಬಿಟ್ಳು. ‘ಅವ್ನು ಮಲಗವ್ನೆ, ಎಬ್ಬಿಸ್ಬೇಡಿ’ ಅಂದ್ಲು. ನೋಡ್ಕೊಂಡ್ ಬಂದವ್ಳ ಥರ ಅಂದ್ಲು. ಆಮೇಲ್ ನಾನು ಫೋನೇ ಮಾಡ್ಲಿಲ್ಲ. ಇನ್ನೊಂದ್ಸಲ ಮಾಡಿದ್ರೆ ಎದ್ದಿರ್ತಿದ್ಯೇನೋ ಅಂತ ವರ್ಷದಿಂದ ಕೊರಗ್ತಾ ಇದೀನಿ."

ಏರಿಯ ಕಲ್ಲಿನ ಮೇಲೆ ಕೂತೆ. ಉಳಿದದ್ದನ್ನೂ ಆಗ ಹೇಳಿದೆ. ಭಾವ ದೇವರು ದಿಂಡರು ಎನ್ನುವವರಲ್ಲ. ಕೇಳಿ, ನನ್ನ ಪಕ್ಕದಲ್ಲಿ ಕೂತರು. ಎದ್ದು ಹೊರಡುವಾಗ, ಚೈತ್ರಳಿಗೆ ಈಗಲೇ ಹೇಳಬೇಡ, ಅವಳು ಇನ್ನೂ ಚಿಕ್ಕವಳು ಎಂದಷ್ಟೇ ಹೇಳಿದರು.

ಇದಾಗಿ ಆರು ವರ್ಷವಾಯಿತು. ನಾನು ಮತ್ತೆ ಸೇದಲಿಲ್ಲ. ಶಿಫ್ಟಿಲ್ಲದ ಬೇರೆ ಕೆಲಸಕ್ಕೆ ಸೇರಿದೆ. ರಾತ್ರಿ ಆರು ಗಂಟೆ ನಿದ್ದೆ ಬರುತ್ತದೆ, ಸಾಮಾನ್ಯವಾದ ಕನಸುಗಳು ಬೀಳುತ್ತವೆ, ಎದ್ದಮೇಲೆ ಮರೆತುಹೋಗುತ್ತವೆ. ಅಕ್ಕ ಮತ್ತೆ ಬಂದಿಲ್ಲ. ಇದನ್ನು ಬರೆಯಲು ಕೂರುವ ಮೊದಲು ಚೈತ್ರಳಿಗೆ ಎಲ್ಲವನ್ನೂ ಹೇಳಿದೆ. ಒಂದು ತಿಂಗಳು ಅವಳು ನನ್ನ ಫೋನು ಎತ್ತಲಿಲ್ಲ. ಆಮೇಲೆ ಒಂದು ದಿನ ಅವಳೇ ಮಾಡಿ, ಊಟ ಆಯಿತಾ ಎಂದು ಕೇಳಿದಳು.

ಆವತ್ತು ಅಕ್ಕ ಬಂದದ್ದು ನಿಜವೋ ಅಲ್ಲವೋ ಎಂಬ ಪ್ರಶ್ನೆ ಈಚೆಗೆ ನನ್ನನ್ನು ಅಷ್ಟಾಗಿ ಕಾಡುವುದಿಲ್ಲ. ಬೇರೊಂದು ಕಾಡುತ್ತದೆ. ಆ ಮಧ್ಯಾಹ್ನ ನನ್ನ ಕೋಣೆಯ ಬಾಗಿಲ ಹತ್ತಿರ ಯಾರೇ ನಿಂತಿದ್ದರೂ ಅವರಿಗೆ ಆ ಹೊಗೆಯ ವಾಸನೆ ಬಂದೇ ಬರುತ್ತಿತ್ತು. ಅಕ್ಕ ನಿಜವಾಗಿ ಅಲ್ಲಿ ನಿಂತಿದ್ದರೆ, ಒಳಗೆ ನಾನು ಯಾವ ನಿದ್ದೆಯಲ್ಲಿ ಬಿದ್ದಿದ್ದೇನೆ ಎಂದು ಅವಳಿಗೆ ಗೊತ್ತಾಗಿರಬೇಕು. ಗೊತ್ತಾಗಿಯೂ ಮಲಗಿರಲಿ ಎಂದಳೋ, ಅಥವಾ ರಾತ್ರಿಯೆಲ್ಲ ದುಡಿದು ದಣಿದು ಮಲಗಿದ್ದಾನೆ ಎಂದೇ ತಿಳಿದು ಹೋದಳೋ, ನನಗೆ ತಿಳಿಯದು. ಕೇಳೋಣವೆಂದರೆ ಅವಳು ಮತ್ತೆ ಬರಲಿಲ್ಲ.